ಸರಾಸರಿಯೊಳಗೆ ನಮ್ಮ ಹೊಲ ಎಲ್ಲಿದೆ?

ಜಗಳೂರು ಬಯಲು (ಚರ್ಚೆ ಆರಂಭಿಸಿದವರು):

ನಮ್ಮ ಗ್ರಾಮ ಪಂಚಾಯಿತಿಯ ಮೆಕ್ಕೆಜೋಳದ ಬೆಳೆ ಕಟಾವು ಪ್ರಯೋಗದ ಫಲಿತಾಂಶ ಬಂದಿದೆ. ಸರಾಸರಿ ಇಳುವರಿಯು ವಿಮೆಗೆ ನಿಗದಿಯಾದ ಪ್ರಾರಂಭಿಕ ಇಳುವರಿಗಿಂತ (ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಪರಿಹಾರ) ತುಸು ಹೆಚ್ಚಿರುವುದರಿಂದ ಪರಿಹಾರ ಯಾರಿಗೂ ಇಲ್ಲವೆಂದು ತಿಳಿಸಿದ್ದಾರೆ. ಕೆರೆಯ ಕೆಳಗಿನ ಎರೆಯ ಕಪ್ಪು ನೆಲದವರಿಗೆ ಬೆಳೆ ಚೆನ್ನಾಗಿಯೇ ಬಂದಿದೆ. ಗುಡ್ಡದ ಬುಡದ ಮಸಾರಿಯ ಕೆಂಪು ನೆಲದಲ್ಲಿ ಬಿತ್ತಿದ ನಮಗೆ, ತೆನೆ ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿದ್ದರಿಂದ, ದನಕ್ಕೆ ಹಾಕುವ ಸೊಪ್ಪೆಯನ್ನು ಬಿಟ್ಟರೆ ಹೆಚ್ಚೇನೂ ದಕ್ಕಲಿಲ್ಲ.

ಪರಿಹಾರಕ್ಕಾಗಿ ಇಲ್ಲಿ ಜಗಳ ತೆಗೆಯುವ ಉದ್ದೇಶ ನನಗಿಲ್ಲ. ಅದಕ್ಕೆ ಬೇರೆ ಬಾಗಿಲುಗಳಿವೆ. ಆದರೆ ಒಂದು ಸಂಶಯವನ್ನು ತಿಳಿದವರ ಮುಂದೆ ಇಡಬೇಕೆನಿಸಿತು. ಇಡೀ ಪಂಚಾಯಿತಿಗೆ ಒಂದೇ ಅಂಕಿ ಬರೆದಾಗ, ಆ ಅಂಕಿ ಯಾರ ಹೊಲದ್ದು? ಎರೆಯವರು ಅದಕ್ಕಿಂತ ಹೆಚ್ಚು ಬೆಳೆದಿದ್ದಾರೆ, ನಾವು ಅದಕ್ಕಿಂತ ಎಷ್ಟೋ ಕಡಿಮೆ ಬೆಳೆದಿದ್ದೇವೆ. ಯಾರೂ ಬೆಳೆಯದ ಬೆಳೆಯೊಂದು ಕಡತದಲ್ಲಿ ನಮ್ಮೆಲ್ಲರ ಪರವಾಗಿ ಮಾತನಾಡುತ್ತಿದೆ.

ಉಪನ್ಯಾಸಕಿ, ದಾವಣಗೆರೆ:

ಯಜಮಾನರೇ, ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ನಿಮ್ಮ ಪ್ರಶ್ನೆ ನಮ್ಮ ವಿಷಯದ ಬುಡದಲ್ಲಿಯೇ ಇರುವ ಪ್ರಶ್ನೆಯಾದ್ದರಿಂದ, ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇನೆ.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ. ಅಂಥ ಘಟಕದಲ್ಲಿ ಒಂದು ಬೆಳೆಗೆ ಕನಿಷ್ಠ ನಾಲ್ಕು ಕಟಾವು ಪ್ರಯೋಗಗಳು ನಡೆಯಬೇಕು. ಸರ್ವೆ ನಂಬರುಗಳನ್ನು ಯಾದೃಚ್ಛಿಕ ಸಂಖ್ಯೆಗಳ ಮೂಲಕ, ಅಂದರೆ ಚೀಟಿ ಎತ್ತಿದಂತೆ, ಆರಿಸುತ್ತಾರೆ. ಆರಿಸಿದ ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಹಾಕಿಕೊಂಡು ಹೋಗಿ, ಹಲವು ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕನ್ನು ಗೂಟ ಹೊಡೆದು ಹಗ್ಗ ಕಟ್ಟಿ ಗುರುತಿಸಿ, ಅದರೊಳಗಿನ ಬೆಳೆಯನ್ನು ಮಾತ್ರ ಕೊಯ್ದು, ಕಾಳು ಬಿಡಿಸಿ ತೂಗಿ, ಒಣಗಿದ ಮೇಲಿನ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಪ್ಪತ್ತೈದು ಚದರ ಮೀಟರ್ ಎಂದರೆ ಹೆಕ್ಟೇರಿನ 400ರಲ್ಲಿ ಒಂದು ಪಾಲು. ತಾಕಿನಲ್ಲಿ ಒಂದು ಕಿಲೋ ವ್ಯತ್ಯಾಸವಾದರೆ ಹೆಕ್ಟೇರಿನ ಲೆಕ್ಕದಲ್ಲಿ ನಾಲ್ಕು ಕ್ವಿಂಟಲ್ ವ್ಯತ್ಯಾಸವಾಗುತ್ತದೆ.

ಮಾತಿಗೆ, ನಾಲ್ಕು ತಾಕುಗಳಲ್ಲಿ ಕ್ರಮವಾಗಿ 2, 3, 11 ಮತ್ತು 12 ಕಿಲೋ ಸಿಕ್ಕಿತು ಎಂದುಕೊಳ್ಳೋಣ. ಸರಾಸರಿ 7 ಕಿಲೋ, ಅಂದರೆ ಹೆಕ್ಟೇರಿಗೆ 28 ಕ್ವಿಂಟಲ್. ಏಳು ಕಿಲೋ ಬಂದ ತಾಕು ಅಲ್ಲಿ ಒಂದೂ ಇಲ್ಲ. ನೀವು ಹೇಳಿದ್ದು ಅಕ್ಷರಶಃ ನಿಜ. ಆದರೂ ಆ ಅಂಕಿ ಸುಳ್ಳಲ್ಲ: ಪಂಚಾಯಿತಿಯ ಒಟ್ಟು ಬೆಳೆ ಎಷ್ಟೆಂದು ಅಂದಾಜು ಮಾಡಲು, ಕಳೆದ ವರ್ಷಗಳೊಂದಿಗೆ ಹೋಲಿಸಲು ಅದು ಯೋಗ್ಯವಾದ ಅಂಕಿ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯನ್ನು ತೆಗೆದು, ಅದನ್ನು ನಷ್ಟಭರ್ತಿಯ ಮಟ್ಟದಿಂದ (ವಿಮೆ ಹೊರುವ ಶೇಕಡಾ ಪಾಲಿನಿಂದ) ಗುಣಿಸಿ ಪ್ರಾರಂಭಿಕ ಇಳುವರಿಯನ್ನು ನಿಗದಿ ಮಾಡುತ್ತಾರಲ್ಲ, ಆ ತಕ್ಕಡಿಯ ಇನ್ನೊಂದು ತಟ್ಟೆಗೆ ಸರಿಹೊಂದುವುದು ಇಂಥ ಅಂಕಿಯೇ. ಗುಂಪಿನ ಬಗ್ಗೆ ನಿಖರವಾಗಿ ಹೇಳುವುದಕ್ಕಾಗಿ ಅದು ಒಬ್ಬೊಬ್ಬರನ್ನೂ ಬೇಕೆಂದೇ ಮರೆಯುತ್ತದೆ. ಆ ಮರೆವನ್ನು ನಾವು ಮರೆತು, ಅದೇ ಅಂಕಿಯನ್ನು ನಿಮ್ಮ ಹೊಲಕ್ಕೆ ಹಿಂದಿರುಗಿಸಿ ತಂದಾಗ ತೊಂದರೆ ಶುರುವಾಗುತ್ತದೆ.

ಸರಾಸರಿಯ ಈ ಮಿತಿಯನ್ನು ಯೋಜನೆಯೂ ಒಂದಿಷ್ಟು ಒಪ್ಪಿಕೊಂಡಿದೆ. ಆಲಿಕಲ್ಲು ಮಳೆ, ಹೊಲ ಮುಳುಗಡೆಯಂಥ ಸ್ಥಳೀಯ ವಿಕೋಪಗಳಲ್ಲಿ ಒಬ್ಬೊಬ್ಬ ರೈತರ ಹೊಲವನ್ನೇ ನೋಡಿ ನಷ್ಟ ಅಂದಾಜಿಸುವ ಅವಕಾಶವಿದೆ. 72 ಗಂಟೆಯೊಳಗೆ ತಿಳಿಸಬೇಕು. ಬರಕ್ಕೆ ಮಾತ್ರ ಆ ಅವಕಾಶವಿಲ್ಲ, ಏಕೆಂದರೆ ಬರವನ್ನು ಇಡೀ ಪ್ರದೇಶದ ಸಂಗತಿಯೆಂದೇ ಭಾವಿಸಲಾಗಿದೆ. ನಿಮ್ಮ ಗುಡ್ಡದ ಬುಡಕ್ಕೂ ಕೆರೆಯ ಕೆಳಗಿಗೂ ಒಂದೇ ಮಳೆ ಬಿದ್ದಿರಬಹುದು. ಮಣ್ಣು ಆ ನೀರನ್ನು ಹಿಡಿದಿಟ್ಟ ರೀತಿ ಬೇರೆ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಮೇಡಂ ಅವರು ವಿವರಿಸಿದ ಪದ್ಧತಿ ಬರುವ ಮೊದಲು ಇದ್ದ, ಪೂರ್ಣ ಬೆಳೆಯಲ್ಲಿ ಎಷ್ಟು ಪಾಲು ಬಂದಿದೆ ಎಂಬುದನ್ನು ಆಣೆಗಳಲ್ಲಿ ಹೇಳುವ ಆಣೆವಾರಿಯನ್ನೂ ಇಲ್ಲಿ ನೆನೆಯಬೇಕು. ಹೊಲದ ಬದುವಿನ ಮೇಲೆ ನಿಂತು, ಕಣ್ಣಳತೆಯಲ್ಲಿಯೇ ಇದು ಎಂಟಾಣೆ ಬೆಳೆ, ಅದು ಆರಾಣೆ ಬೆಳೆ ಎಂದು ಬರೆದುಕೊಳ್ಳುತ್ತಿದ್ದರು. ಕಂದಾಯದ ರಿಯಾಯಿತಿ ಆ ಆಣೆಯ ಮೇಲೆ ನಿಂತಿರುತ್ತಿತ್ತು. ಕಂದಾಯ ಕೈತಪ್ಪಬಾರದೆಂದು ಆಣೆ ಏರುವುದೂ, ಊರಿನ ದೊಡ್ಡವರ ಮುಲಾಜಿಗೆ ಆಣೆ ಇಳಿಯುವುದೂ ಇದ್ದದ್ದೇ. ಬದುವಿನ ಮೇಲೆ ನಿಂತವರಿಗೆ ನಿಮ್ಮ ಹೊಲ ಕಾಣುತ್ತಿತ್ತು, ನಿಜ. ಅದರ ಜೊತೆಗೆ ನಿಮ್ಮ ಜಾತಿ, ನಿಮ್ಮ ಸಾಲ, ನಿಮ್ಮ ಪಕ್ಷವೂ ಕಾಣುತ್ತಿತ್ತು. ಯಾದೃಚ್ಛಿಕ ಸಂಖ್ಯೆಗೆ ಅಂಥ ಮುಲಾಜಿಲ್ಲ. ಮನುಷ್ಯನನ್ನು ನೋಡದಿರುವುದು ಅದರ ಕುರುಡುತನವೂ ಹೌದು, ಅದರ ನ್ಯಾಯವೂ ಹೌದು.

ಉಪನ್ಯಾಸಕಿ, ದಾವಣಗೆರೆ:

ಮೇಷ್ಟ್ರೇ, ಆ ಕಣ್ಣಳತೆಯಿಂದ ಬಿಡಿಸಿಕೊಳ್ಳುವ ಯತ್ನ 1920ರ ದಶಕದಲ್ಲಿ ಬಿಹಾರ ಮತ್ತು ಒಡಿಶಾ ಪ್ರಾಂತದ ಐಸಿಎಸ್ ಅಧಿಕಾರಿ ಹಬ್ಬ್ಯಾಕ್ ಅವರಿಂದ ಮೊದಲಾಯಿತು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಮಹಲನೋಬಿಸ್ ಅದನ್ನು ಬಂಗಾಳದ ಸೆಣಬು, ಭತ್ತದ ಸಮೀಕ್ಷೆಗಳಲ್ಲಿ ಬೆಳೆಸಿದರು. ಅವರು ಬಯಸಿದ್ದು ಚಿಕ್ಕ ಚಿಕ್ಕ ವೃತ್ತಾಕಾರದ ತಾಕುಗಳನ್ನು. ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದ ಪಿ.ವಿ. ಸುಖಾತ್ಮೆ 1940ರ ದಶಕದಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದರು. ತಾಕು ಚಿಕ್ಕದಾದಷ್ಟೂ ಅದರ ಒಳಗಿನ ಜಾಗಕ್ಕೆ ಹೋಲಿಸಿದರೆ ಅಂಚು ಉದ್ದವಾಗುತ್ತದೆ. ಗೆರೆಯ ಮೇಲೆಯೇ ನಿಂತ ಗಿಡವನ್ನು ಕೊಯ್ಯುವವರು ಒಳಗೆ ಸೇರಿಸಿಕೊಳ್ಳುವುದೇ ಹೆಚ್ಚು. ಹೀಗಾಗಿ ಇಳುವರಿ ಇದ್ದದ್ದಕ್ಕಿಂತ ಹೆಚ್ಚಾಗಿ ತೋರುತ್ತದೆ ಎಂಬುದು ಅವರ ವಾದ. ದೇಶದ ಇಬ್ಬರು ದೊಡ್ಡ ಸಂಖ್ಯಾಶಾಸ್ತ್ರಜ್ಞರ ನಡುವಿನ ಜಗಳ ಹಗ್ಗದ ಕೆಳಗೆ ಸಿಕ್ಕಿಕೊಂಡ ಒಂದು ಗಿಡ ಯಾವ ಕಡೆಗೆ ಸೇರಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಸೂತ್ರ ಕಲಿಸುವ ಮೊದಲು ನಾನು ಇದನ್ನೇ ಹೇಳುತ್ತೇನೆ. ಮಹಲನೋಬಿಸ್ ಅವರ ಶಿಷ್ಯರಾಗಿ ಜಗತ್ತಿಗೇ ಹೆಸರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಹೂವಿನಹಡಗಲಿಯಲ್ಲಿ ಎಂಬುದನ್ನೂ ಹೇಳುತ್ತೇನೆ; ಅದನ್ನು ಕೇಳಿದ ಕೂಡಲೇ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಒಂದೇ ಮಾದರಿಯಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು, ಅದಕ್ಕಿಂತ ಹೆಚ್ಚು ಏಕೆ ಸಾಧ್ಯವಿಲ್ಲ ಎಂಬ ಎಲ್ಲೆಯನ್ನು ಅವರು 1945ರಲ್ಲಿ ತೋರಿಸಿಕೊಟ್ಟರು.

ಕೋಟೆ ಬೀದಿ:

ಅಂಕಿಅಂಶವೆಂದರೆ ಎಲ್ಲವೂ ಬೊಗಳೆ. ನಮ್ಮ ಹಿರಿಯರು ಯಾವ ಸಮೀಕ್ಷೆಯೂ ಇಲ್ಲದೆ ನೂರು ವರ್ಷ ಬದುಕಿದವರು. ಸ್ವಾತಂತ್ರ್ಯದ ಕಾಲದಲ್ಲಿ ಭಾರತೀಯರ ಆಯಸ್ಸು 32 ವರ್ಷವಿತ್ತು ಎಂದು ಪಠ್ಯದಲ್ಲಿ ಬರೆದಿದ್ದಾರೆ. ಆಗ ಊರಿನ ಕಟ್ಟೆಯ ಮೇಲೆ ಕುಳಿತಿದ್ದ ಬಿಳಿ ಮೀಸೆಯವರೆಲ್ಲ ಯಾರು?

ಉಪನ್ಯಾಸಕಿ, ದಾವಣಗೆರೆ:

ಸರ್, ಆ 32 ನಿಜವಾದ ಅಂಕಿ, ಬಿಳಿ ಮೀಸೆಯವರೂ ನಿಜ. ಹತ್ತು ಮಕ್ಕಳಲ್ಲಿ ನಾಲ್ವರು ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡು, ಉಳಿದ ಆರು ಮಂದಿ ಅರವತ್ತರವರೆಗೆ ಬಾಳಿದರೆ ಸರಾಸರಿ 36ರ ಆಸುಪಾಸಿಗೆ ಬರುತ್ತದೆ. ಮೂವತ್ತಾರಕ್ಕೆ ಸತ್ತವರು ಒಬ್ಬರೂ ಇರುವುದಿಲ್ಲ. ಕಟ್ಟೆಯ ಮೇಲೆ ಕುಳಿತವರನ್ನು ನೀವು ನೋಡಿದ್ದೀರಿ. ಕಟ್ಟೆಯವರೆಗೂ ನಡೆದು ಬಾರದ ಮಕ್ಕಳನ್ನು ನೀವು ನೋಡಲು ಸಾಧ್ಯವೇ ಇರಲಿಲ್ಲ. ಈಗ ದೇಶದ ಸರಾಸರಿ ಎಪ್ಪತ್ತಕ್ಕೆ ಏರಿರುವುದಕ್ಕೆ ಮುದುಕರು ಹೆಚ್ಚು ಕಾಲ ಬದುಕುತ್ತಿರುವುದು ಒಂದು ಕಾರಣವಾದರೆ, ಅದಕ್ಕಿಂತ ದೊಡ್ಡ ಕಾರಣ ಕೂಸುಗಳು ಉಳಿಯುತ್ತಿರುವುದು.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಳೆಯ ತಲೆಮಾರಿನ ತಾಯಂದಿರನ್ನು ಎಷ್ಟು ಮಕ್ಕಳು ಎಂದು ಕೇಳಿದರೆ, ಹೆತ್ತದ್ದು ಎಂಟು, ಉಳಿದದ್ದು ಐದು ಎಂದು ಎರಡು ಲೆಕ್ಕ ಕೊಡುತ್ತಿದ್ದರು. ಕೋಟೆ ಬೀದಿಯವರು ಬೇಡವೆನ್ನುತ್ತಿರುವ ಅಂಕಿ ಆ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸದ ಮೇಲೆಯೇ ನಿಂತಿದೆ. ಆದರೆ ತಾಯಿಯೊಬ್ಬಳು ಎಂಟು ಎಂದು ಹೇಳಿ, ಒಂದು ಕ್ಷಣ ನಿಲ್ಲಿಸಿ, ಐದು ಎನ್ನುವಾಗ ಆ ನಡುವೆ ಇದ್ದದ್ದಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ.

ಹಳೇ ದಾವಣಗೆರೆ ಗೃಹಿಣಿ:

ಅಂಕಣದ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಒಬ್ಬ ಅಕ್ಕನಿದ್ದಾಳೆ. ಬೆಳಗಿನ ಜಾವ ಎದ್ದು ಒಲೆ ಹಚ್ಚಿ ಜೋಳದ ರೊಟ್ಟಿ ಬಡಿದು, ಲೆಕ್ಕ ಹಿಡಿದು ಬಟ್ಟೆಯಲ್ಲಿ ಸುತ್ತಿ ಖಾನಾವಳಿಗೆ ಕಳುಹಿಸುತ್ತಾಳೆ. ಆಮೇಲೆ ಮಕ್ಕಳ ಡಬ್ಬಿ, ಅತ್ತೆಯ ಔಷಧಿ, ನಲ್ಲಿಯ ನೀರು. ಸಮೀಕ್ಷೆಯವರು ಬಂದಾಗ ಬಾಗಿಲಿಗೆ ಬಂದವನು ಅವಳ ಗಂಡ. ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ, ಏನೂ ಇಲ್ಲ, ಮನೆಯಲ್ಲೇ ಇರುತ್ತಾಳೆ ಎಂದ. ಅವಳು ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಹೊರಗೆ ಕೇಳುತ್ತಿತ್ತು. ಬರೆದುಕೊಳ್ಳುವ ಹುಡುಗ ಅದನ್ನು ಕೇಳಿಸಿಕೊಂಡೂ, ಹೇಳಿದ್ದನ್ನೇ ಬರೆದುಕೊಂಡು ಹೋದ.

ಉಪನ್ಯಾಸಕಿ, ದಾವಣಗೆರೆ:

ಅಕ್ಕಾವ್ರೇ, ಜನಗಣತಿಯ ಲೆಕ್ಕದಲ್ಲಿ ವರ್ಷಕ್ಕೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು, ಉಳಿದವರು ಕೆಲಸಗಾರರಲ್ಲದವರು. ರೊಟ್ಟಿ ಮಾರುವ ಆ ಅಕ್ಕ ನಿಯಮದ ಪ್ರಕಾರ ಮೊದಲ ಗುಂಪಿಗೇ ಸೇರಬೇಕಾದವಳು. ಉತ್ತರ ಕೊಟ್ಟವರು ಅವಳನ್ನು ಮೂರನೆಯ ಗುಂಪಿಗೆ ತಳ್ಳಿದರು. ಅದೇ ರೊಟ್ಟಿಯನ್ನು ಅವಳು ಮನೆಯವರಿಗೆ ಮಾತ್ರ ಬಡಿದಿದ್ದರೆ, ನಿಯಮವೇ ಅವಳನ್ನು ಅಲ್ಲಿಗೆ ತಳ್ಳುತ್ತಿತ್ತು. ಮೊದಲನೆಯದು ಎಣಿಸುವಲ್ಲಿನ ತಪ್ಪು. ಎರಡನೆಯದು ಯಾವುದನ್ನು ಎಣಿಸಬೇಕೆಂಬ ತೀರ್ಮಾನ. ಈ ಎರಡನ್ನು ಬೇರೆ ಬೇರೆಯಾಗಿ ನೋಡದಿದ್ದರೆ ನಾವು ಬರಿದೇ ಗಣತಿದಾರರನ್ನು ಬೈಯುತ್ತಿರುತ್ತೇವೆ.

ಈ ಕೊರತೆಯನ್ನು ತುಂಬಿದ್ದೂ ಅಂಕಿಅಂಶವೇ ಎಂಬುದು ನನಗೆ ಮುಖ್ಯವೆನಿಸುತ್ತದೆ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯು ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕರವರೆಗಿನ ದಿನವನ್ನು ಅರ್ಧ ಗಂಟೆಯ ತುಂಡುಗಳಾಗಿ ಮಾಡಿ, ಆ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಕೇಳಿತು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಾರೆಂದು ತಿಳಿಯಿತು. 2024ರ ಸಮೀಕ್ಷೆಯಲ್ಲಿ ಅವು ಕ್ರಮವಾಗಿ 289 ಮತ್ತು 88 ನಿಮಿಷ. ಐದು ವರ್ಷಗಳಲ್ಲಿ ಇಬ್ಬರ ಹೊರೆಯೂ ಒಂಬತ್ತು ಹತ್ತು ನಿಮಿಷ ಇಳಿದಿದೆ. ನಡುವಿನ ಅಂತರ ಹಾಗೆಯೇ ಇದೆ. ಯಾವ ಕಥೆಗಾರರಿಂದಲೂ ಇಷ್ಟು ಖಚಿತವಾಗಿ ಹೇಳಲಾಗುತ್ತಿರಲಿಲ್ಲ.

ಹಳೇ ದಾವಣಗೆರೆ ಗೃಹಿಣಿ:

ಒಪ್ಪಿದೆ ಮೇಡಂ. ಅರ್ಧ ಗಂಟೆಯಲ್ಲಿ ಹಾಲು ಕಾಯಿಸುತ್ತ, ಮಗುವಿಗೆ ಕಾಗುಣಿತ ಹೇಳಿಕೊಡುತ್ತ, ಅತ್ತೆ ಬಚ್ಚಲಿನಲ್ಲಿ ಜಾರಬಾರದೆಂದು ಕಿವಿಯನ್ನು ಆ ಕಡೆಗೇ ಇಟ್ಟುಕೊಂಡಿರುವುದನ್ನು ಯಾವ ತುಂಡಿಗೆ ಬರೆಯುತ್ತಾರೋ ನೋಡಬೇಕು. ಆದರೂ 299 ಎಂಬ ಅಂಕಿಯನ್ನು ನಮ್ಮ ಮನೆಯವರಿಗೆ ಓದಿ ಹೇಳಿದ್ದೇನೆ.

ಬೆಂಗಳೂರಿನಲ್ಲಿರುವ ಹೊಳಲ್ಕೆರೆಯವ:

ನಾನು ದತ್ತಾಂಶದ ಕೆಲಸದಲ್ಲಿಯೇ ಇರುವ ಎಂಜಿನಿಯರ್. ಇಲ್ಲಿನ ಕೊರಗುಗಳೆಲ್ಲ ದತ್ತಾಂಶ ಸಾಲದಿರುವುದರ ಫಲ ಎಂಬುದು ನನ್ನ ಅಭಿಪ್ರಾಯ. 2023ರಿಂದ ಬೆಳೆ ವಿಮೆಯಲ್ಲಿ ಭತ್ತ ಮತ್ತು ಗೋಧಿಯ ಇಳುವರಿಗೆ ಉಪಗ್ರಹ ಆಧಾರಿತ ಅಂದಾಜನ್ನೂ ಶೇ 30ರಷ್ಟು ತೂಕ ಕೊಟ್ಟು ಸೇರಿಸುವ ಪದ್ಧತಿ ಬಂದಿದೆ. ನಾಳೆ ಅದು ಮೆಕ್ಕೆಜೋಳಕ್ಕೂ ಬಂದು, ಒಂದೊಂದು ಸರ್ವೆ ನಂಬರಿನ ಇಳುವರಿಯೂ ತಿಳಿಯುವಂತಾದರೆ, ಬಯಲು ಅವರ ಪ್ರಶ್ನೆಯೇ ಉಳಿಯುವುದಿಲ್ಲ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ತಮ್ಮಾ, ಪರಿಹಾರದ ಪ್ರಶ್ನೆ ಒಂದಿಷ್ಟು ಬಗೆಹರಿಯಬಹುದು. ಅದು ಸಣ್ಣ ವಿಷಯವೇನಲ್ಲ. ಆದರೆ ಅದರಾಚೆಗೂ ಒಂದು ಮಾತಿದೆ. ಚಳ್ಳಕೆರೆ ಸೀಮೆಯ ಶೇಂಗಾವನ್ನು ನೋಡು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಬೀಜ, ಗೊಬ್ಬರ, ಕೂಲಿಯನ್ನು ಒಂದು ಕಡೆಗೂ ಕಾಯಿಯ ಬೆಲೆಯನ್ನು ಇನ್ನೊಂದು ಕಡೆಗೂ ಇಟ್ಟು ಹಲವು ವರ್ಷಗಳ ಸರಾಸರಿ ತೆಗೆದರೆ, ಬಿತ್ತದೆ ಸುಮ್ಮನಿರುವುದೇ ಲಾಭವೆಂದು ತೋರುವ ಹೊಲಗಳು ಅಲ್ಲಿ ಬೇಕಾದಷ್ಟಿವೆ. ಆದರೂ ಮಳೆ ಹನಿದರೆ ಜನ ಬಿತ್ತುತ್ತಾರೆ. ಹೊರಗಿನವರು ಅದನ್ನು ಮೌಢ್ಯ ಎನ್ನುತ್ತಾರೆ.

ಕಟಾವು ಪ್ರಯೋಗದಲ್ಲಿ ತೂಗುವುದು ಕಾಯಿಯನ್ನು ಮಾತ್ರ. ಕಾಯಿ ಜೊಳ್ಳಾದ ವರ್ಷವೂ ಶೇಂಗಾ ಬಳ್ಳಿ ಎತ್ತುಗಳಿಗೆ, ಕುರಿಗಳಿಗೆ ಒಳ್ಳೆಯ ಮೇವು. ಆ ಬಣವೆಯನ್ನು ನಂಬಿಯೇ ಎಷ್ಟೋ ಮನೆಗಳು ಬೇಸಿಗೆಯಲ್ಲಿ ದನಗಳನ್ನು ಸಂತೆಗೆ ಹೊಡೆಯದೆ ಉಳಿಸಿಕೊಳ್ಳುತ್ತವೆ. ಇದನ್ನು ನೀನು ಇನ್ನೊಂದು ಅಂಕಣ ಸೇರಿಸಿ ಎಣಿಸಬಲ್ಲೆ, ಎಣಿಸಬೇಕು ಕೂಡ. ಬಿತ್ತದೆ ಬಿಟ್ಟ ಹೊಲದ ಯಜಮಾನನಿಗೆ ಊರೊಳಗೆ ಆಗುವ ಮುಜುಗರ, ಹೊಲ ಬೀಳು ಬಿದ್ದಿದೆಯಂತೆ ಎಂದು ಹೆಣ್ಣು ಕೊಡುವವರು ಆಡುವ ಮಾತು, ಅಪ್ಪ ಉತ್ತ ನೆಲವನ್ನು ನನ್ನ ಕಾಲದಲ್ಲಿ ಪಾಳು ಬಿಡಬಾರದೆಂಬ ಹಟ, ಇವುಗಳಿಗೆ ಯಾವ ಏಕಮಾನವನ್ನು ಕೊಡುತ್ತೀ? ಉಪಗ್ರಹದಿಂದ ಹಸಿರು ಕಾಣುತ್ತದೆ. ಆ ಹಸಿರನ್ನು ಬಿತ್ತಿದವನು ಲಾಭಕ್ಕೆ ಬಿತ್ತಿದನೋ, ಮರ್ಯಾದೆಗೆ ಬಿತ್ತಿದನೋ, ಅವನೇ ಬಿಡಿಸಿ ಹೇಳಲಾರ.

ಬೆಂಗಳೂರಿನಲ್ಲಿರುವ ಹೊಳಲ್ಕೆರೆಯವ:

ಮೇಷ್ಟ್ರೇ, ಮರ್ಯಾದೆಯನ್ನೂ ಪ್ರಶ್ನಾವಳಿಯಿಂದ ಅಳೆಯುವ ಸಂಶೋಧಕರಿದ್ದಾರೆ. ಒಂದರಿಂದ ಹತ್ತರವರೆಗೆ ಅಂಕ ಕೊಡಿ ಎಂದು ಕೇಳುತ್ತಾರೆ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಕೇಳಲಿ. ನಮ್ಮ ರೈತ ಎಷ್ಟು ಕೊಟ್ಟರೆ ಪರಿಹಾರ ಸಿಗುತ್ತದೆ ಎಂದು ತಿರುಗಿ ಕೇಳುತ್ತಾನೆ.

ಹಿರಿಯೂರು ತೆಂಗಿನವರು:

ಹೊಲದ ಮಾತಾಯಿತು, ನೀರಿನದೂ ಒಂದಿರಲಿ. ನಮ್ಮ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ನಡುವಿನ 89 ವರ್ಷಗಳ ಮಟ್ಟವನ್ನೆಲ್ಲ ಕೂಡಿ ಭಾಗಿಸಿದರೆ ಒಂದು ಸರಾಸರಿ ಬಂದೇ ಬರುತ್ತದೆ, ಆ ಸರಾಸರಿಯ ವರ್ಷದಲ್ಲಿ ನಮ್ಮ ತೋಟಕ್ಕೆ ನೀರು ಬಿಟ್ಟಂತೆಯೂ ಬರೆಯಬಹುದು. ತೆಂಗಿನ ಮರ ಸರಾಸರಿ ನೀರನ್ನು ಕುಡಿಯುವುದಿಲ್ಲ. ಎರಡು ಮೂರು ಬೇಸಿಗೆ ಒಂದರ ಹಿಂದೊಂದು ಕೈಕೊಟ್ಟರೆ ಸುಳಿ ಒಣಗುತ್ತದೆ, ಆಮೇಲೆ ಕೋಡಿ ಬಿದ್ದರೂ ಆ ಮರ ಚಿಗುರುವುದಿಲ್ಲ. ಬರಗಾಲದ ವರ್ಷಗಳು ಬಿಡಿಬಿಡಿಯಾಗಿ ಬಂದವೋ ಸಾಲಾಗಿ ಬಂದವೋ ಎಂಬುದನ್ನು ನಮಗೆ ಹೇಳುವ ಅಂಕಿ ಬೇಕು.

ಅಂಗನವಾಡಿ ಟೀಚರ್, ಚನ್ನಗಿರಿ ಕಡೆ:

ನಮ್ಮ ಕೈಯಲ್ಲಿ ಅಂಕಿ ಮಗುವಿನ ತೋಳಿಗೆ ಸುತ್ತುವ ಪಟ್ಟಿಯಾಗಿ ಬರುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ; ಪಟ್ಟಿಯಲ್ಲಿ ಕೆಂಪು ಬಣ್ಣ. 11.5ರಿಂದ 12.5ರವರೆಗೆ ಹಳದಿ. ಪಟ್ಟಿ ಬರುವ ಮೊದಲು, ಮಗು ಸಣಕಲಾಗಿದೆ ಎಂದರೆ ಅಜ್ಜಿಯರು ಇದು ನಮ್ಮ ವಂಶದ ಮೈಕಟ್ಟು ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಗ ಕೆಂಪು ಬಣ್ಣವನ್ನು ಅವರಿಗೇ ತೋರಿಸುತ್ತೇನೆ, ಆಸ್ಪತ್ರೆಗೆ ಹೊರಡುತ್ತಾರೆ. ಹಾಗಾಗಿ ಅಂಕಿ ಬೇಡವೆನ್ನುವವರ ಜೊತೆ ನಾನಿಲ್ಲ.

ಆದರೆ 11.6 ಬಂದ ಮಗುವಿನ ತಾಯಿಗೆ ಹಳದಿ ತೋರಿಸಿ ಕಳುಹಿಸಿದ ದಿನ ನನಗೆ ನೆಮ್ಮದಿ ಇರುವುದಿಲ್ಲ. ಪಟ್ಟಿಯನ್ನು ತುಸು ಬಿಗಿದರೆ ಕೆಂಪು, ತುಸು ಸಡಿಲಿಸಿದರೆ ಹಳದಿ. ನಾನು ಅಂಥ ಮನೆಗಳಿಗೆ ವಾರದೊಳಗೆ ಮತ್ತೊಮ್ಮೆ ಹೋಗಿ, ತಾಯಿ ಯಾವ ಕೆಲಸಕ್ಕೆ ಹೋಗುತ್ತಾಳೆ, ಹಗಲಿನಲ್ಲಿ ಮಗುವಿಗೆ ಯಾರು ಉಣಿಸುತ್ತಾರೆ ಎಂದು ಕೇಳಿಕೊಂಡು ಬರುತ್ತೇನೆ. ಅದನ್ನು ಬರೆಯಲು ಮೊಬೈಲಿನ ಆ್ಯಪ್‌ನಲ್ಲಿ ಜಾಗವಿಲ್ಲ, ನನ್ನ ನೋಟ್‌ಬುಕ್ಕಿನಲ್ಲಿದೆ.

ಜಗಳೂರು ಬಯಲು:

ಎಲ್ಲರ ಮಾತನ್ನೂ ಓದಿದೆ. ಟೀಚರಮ್ಮನ ನೋಟ್‌ಬುಕ್ಕಿನ ಮಾತು ಮನಸ್ಸಿಗೆ ನಾಟಿತು. ಮೇಡಂ, ಈಗ ನೇರವಾಗಿಯೇ ಕೇಳುತ್ತೇನೆ. ನಮ್ಮ ಪಂಚಾಯಿತಿಯ ಎರೆಯನ್ನು ಒಂದು ಗುಂಪು, ಮಸಾರಿಯನ್ನು ಇನ್ನೊಂದು ಗುಂಪು ಮಾಡಿ ಎರಡು ಸರಾಸರಿ ತೆಗೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಅದು ಶಾಸ್ತ್ರಕ್ಕೆ ಒಪ್ಪುವ ಮಾತೇ?

ಉಪನ್ಯಾಸಕಿ, ದಾವಣಗೆರೆ:

ಖಂಡಿತ ಒಪ್ಪುವ ಮಾತು. ಒಂದೇ ಬಗೆಯ ಹೊಲಗಳನ್ನು ಒಟ್ಟುಗೂಡಿಸಿ ಪದರು ಪದರಾಗಿ ಮಾದರಿ ತೆಗೆಯುವುದು ಸಮೀಕ್ಷೆಯ ಹಳೆಯ ಕ್ರಮಗಳಲ್ಲಿ ಒಂದು. ಮೇಲಿನ ನನ್ನ ಉದಾಹರಣೆಯನ್ನೇ ತೆಗೆದುಕೊಂಡರೆ ಮಸಾರಿಗೆ 10 ಕ್ವಿಂಟಲ್, ಎರೆಗೆ 46 ಕ್ವಿಂಟಲ್ ಎಂದು ಬರುತ್ತದೆ; ಎರಡೂ ಆ ಹೊಲಗಳಿಗೆ ಹತ್ತಿರದ ಅಂಕಿಗಳು. ತೊಡಕೆಂದರೆ, ನಾಲ್ಕು ತಾಕುಗಳನ್ನು ಎರಡು ಗುಂಪಿಗೆ ಹಂಚಿದರೆ ಒಂದೊಂದಕ್ಕೆ ಎರಡೇ ಉಳಿಯುತ್ತವೆ. ಎರಡು ತಾಕಿನ ಮೇಲೆ ನಿಂತ ಸರಾಸರಿಯನ್ನು ಒಂದೇ ಒಂದು ಕೆಟ್ಟ ತೂಕ ಹೆಕ್ಟೇರಿಗೆ ಎಷ್ಟೋ ಕ್ವಿಂಟಲ್ ಆಚೀಚೆ ಎಳೆದುಬಿಡುತ್ತದೆ. ಹಾಗಾಗಿ ಗುಂಪು ಮಾಡಿ ಎಂದಷ್ಟೇ ಕೇಳಬೇಡಿ, ತಾಕುಗಳ ಸಂಖ್ಯೆಯನ್ನೂ ಹೆಚ್ಚಿಸಿ ಎಂದು ಕೇಳಿ. ವಿಮಾ ಘಟಕವನ್ನು ಬದಲಿಸುವುದು ಗ್ರಾಮಸಭೆಯ ಕೈಯಲ್ಲಿಲ್ಲ ಎಂಬುದನ್ನೂ ತಿಳಿದಿರಿ. ಆದರೆ ಠರಾವು ಬರೆಸಿದರೆ ಕಡತದಲ್ಲಿ ಉಳಿಯುತ್ತದೆ. ಅದರಲ್ಲಿ ಎರಡೂ ಮಣ್ಣಿನ ಸರ್ವೆ ನಂಬರುಗಳನ್ನು ಪಟ್ಟಿ ಮಾಡಿ ಸೇರಿಸಿ.

ಜಗಳೂರು ಬಯಲು:

ಎಂಟು ತಾಕು ಕೇಳುತ್ತೇವೆ. ಪಟ್ಟಿಯನ್ನು ಈ ವಾರವೇ ಮಾಡಿಸುತ್ತೇನೆ, ಎರೆಯವರೂ ಸಹಿ ಹಾಕಲು ಒಪ್ಪಿದ್ದಾರೆ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:

ಎಂಟು ತಾಕು ಎಂದರೆ ಎಂಟು ದಿನ ಒಬ್ಬ ಸಿಬ್ಬಂದಿ, ಹಗ್ಗ ಹಿಡಿಯಲು ಇಬ್ಬರು ಆಳು. ಈಗಿರುವ ನಾಲ್ಕಕ್ಕೇ ಜನ ಸಾಲದೆಂದು ಅವರು ಹೇಳುತ್ತಾರೆ, ನೋಡಿ. ಹಗ್ಗ ಹಿಡಿಯಲು ಊರಿನವರೇ ಬರುತ್ತೇವೆ ಎಂದು ಠರಾವಿನಲ್ಲಿ ಬರೆಸಬೇಡಿ ಯಜಮಾನರೇ. ಆಮೇಲೆ ಗೆರೆಯ ಮೇಲಿನ ಗಿಡವನ್ನು ನೀವೇ ಹೊರಗೆ ಹಾಕಿದಿರಿ ಎನ್ನುತ್ತಾರೆ.